ಪಿಸ್ತೂಲು ಯಾವ ಊರಿನ ಪದ? ಪೋರ್ಚುಗೀಸೋ, ಇಟಲಿಯೋ, ಚೆಕ್ಕೋ?

ಅಮ್ಮತ್ತಿ_ರೋಡ್ | ಸೆಪ್ಟೆಂಬರ್ 5, ರಾತ್ರಿ 8:40

ನಮ್ಮೂರಿನ ಕೈಲ್‌ಪೊಳ್ದ್ (ಕೊಡಗಿನ ಆಯುಧಪೂಜೆ ಹಬ್ಬ) ಆಟೋಟದಲ್ಲಿ ಈ ಸಲ ಕನ್ನಡ ಕ್ವಿಜ್ ಒಂದನ್ನೂ ಸೇರಿಸಿದ್ದೆವು. ತೆಂಗೆಬೊಡಿ (ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ) ಮುಗಿಯಿತು, ಹಗ್ಗಜಗ್ಗಾಟ ಮುಗಿಯಿತು, ಕಡಂಬಟ್ಟು-ಪಂದಿಕರಿಯೂ ಖಾಲಿಯಾಯಿತು. ಕ್ವಿಜ್ ಮಾತ್ರ ಇನ್ನೂ ಮುಗಿದಿಲ್ಲ.

ಕೊನೆಯ ಪ್ರಶ್ನೆ ಇದು: "ಪಿಸ್ತೂಲು ಎಂಬ ಪದ ಯಾವ ಭಾಷೆಯಿಂದ ಬಂದಿದೆ?" ಪ್ರಶ್ನೆ ಬರೆದವರ ಚೀಟಿಯಲ್ಲಿದ್ದ ಉತ್ತರ ಪೋರ್ಚುಗೀಸ್. ಒಬ್ಬಳು ಕಾಲೇಜು ಹುಡುಗಿ "ಇಟಲಿ, ಅಲ್ಲಿನ ಒಂದು ಊರಿನ ಹೆಸರು" ಅಂದಳು. ಗೋಣಿಕೊಪ್ಪದಿಂದ ಬಂದಿದ್ದ ಒಬ್ಬರು "ಚೆಕ್" ಅಂದರು. ಬ್ಯಾಂಕಿನ ಚೆಕ್ ಅಂದುಕೊಂಡು ಸಭೆಯೆಲ್ಲ ಗೊಳ್ಳೆಂದು ನಕ್ಕಿತು, ಅವರಿಗೆ ಸಿಟ್ಟು ಬಂತು. ಈಗ ಇಬ್ಬರೂ ತಮ್ಮದೇ ಸರಿ ಅನ್ನುತ್ತಿದ್ದಾರೆ. ಬಹುಮಾನದ ಕುಕ್ಕರ್ ನಮ್ಮನೆ ಜಗಲಿಯಲ್ಲಿ ಕೂತಿದೆ.

ತಿಳಿದವರು ಹೇಳಿ. ನಿಘಂಟಿನ ಒಂದು ಪುಟದ ಫೋಟೋ ಹಾಕಿ "ಇದೇ ಫೈನಲ್" ಅಂತ ಹೋಗಬೇಡಿ, ಕಾರಣ ಬೇಕು.

ಗಾಳಿಬೀಡು_ಮಂಜು | ರಾತ್ರಿ 8:52

ಇಂಗ್ಲಿಷಿನ ಪಿಸ್ಟಲ್ ಕಣಣ್ಣ. ಬಸ್ಸು, ಕಾರು, ಲೈಟು ಬಂದ ಹಾಗೆ ಇದೂ ಬಂತು. ಇಷ್ಟಕ್ಕೆಲ್ಲ ಇಟಲಿಗೆ ಯಾಕೆ ಹೋಗ್ಬೇಕು?

ಹಳೇ_ಮೇಷ್ಟ್ರು_ಮಡಿಕೇರಿ | ರಾತ್ರಿ 9:30

ಮಂಜು ಅವರೇ, ಇಂಗ್ಲಿಷಿನಿಂದ ನೇರವಾಗಿ ಬಂದಿದ್ದರೆ ಅದು ಪಿಸ್ಟಲ್ಲು ಆಗಬೇಕಿತ್ತು. ಇಂಗ್ಲಿಷಿನ ಟಕಾರ ನಮ್ಮ ಕಿವಿಗೆ ಸಾಮಾನ್ಯವಾಗಿ ಟ ಆಗಿಯೇ ಬೀಳುತ್ತದೆ: ಟಿಕೆಟ್ಟು, ಟೇಬಲ್ಲು, ಕೋರ್ಟು, ಸ್ಟೇಷನ್ನು. ಡಕಾರವೂ ಹಾಗೆಯೇ: ಡಾಕ್ಟರು, ಡ್ರೈವರು. ಪೋರ್ಚುಗೀಸರು ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಮಾತಾಡುವ ಜನ. ಅವರಿಂದ ಬಂದ ಪದಗಳಲ್ಲಿ ತ, ದ ಹಾಗೇ ಉಳಿದಿವೆ: ಮೇಸ್ತ್ರಿ, ಇಸ್ತ್ರಿ, ಪಾದ್ರಿ, ಬಾಲ್ದಿ. ಪಿಸ್ತೂಲಿನ ತ ಆ ಸಾಲಿನದು. ಪೋರ್ಚುಗೀಸಿನಲ್ಲಿ ಅದು ಪಿಸ್ತೋಲಾ, ಮರಾಠಿಯಲ್ಲಿ ಪಿಸ್ತೂಲ್.

ಇದರ ಜೊತೆಗಾರ ಇನ್ನೊಂದಿದೆ: ಕಾಡತೂಸು. 1857ರ ಪಾಠದಲ್ಲಿ "ಕೊಬ್ಬು ಸವರಿದ ಕಾಡತೂಸು" ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೇವಲ್ಲ, ಅದು ಪೋರ್ಚುಗೀಸಿನ ಕಾರ್ತೂಷು. ಮರಾಠಿಯಲ್ಲಿ ಕಾಡತೂಸ್. ರ ಹೋಗಿ ಡ ಬಂದದ್ದು ಮರಾಠಿಯಲ್ಲೂ ಇದೆ, ನಮ್ಮಲ್ಲೂ ಇದೆ. ಅಂದರೆ ಅದು ಮರಾಠಿ ಬಾಗಿಲಿನಿಂದಲೇ ಒಳಗೆ ಬಂದಿರಬೇಕು. ಗೋವೆ 1510ರಲ್ಲಿ ಪೋರ್ಚುಗೀಸರ ಕೈಸೇರಿತು. ಆಮೇಲೆ ಘಟ್ಟದ ಮೇಲಿನ ದಂಡುಗಳಿಗೆಲ್ಲ ಅವರ ಆಯುಧ ಹರಿದು ಬಂತು, ಆಯುಧದ ಬೆನ್ನಿಗೆ ಹೆಸರುಗಳೂ ಬಂದವು. ಮದ್ದು ತುಂಬಿದ್ದಕ್ಕೆ ಒಂದು ಕಡೆಯಿಂದ ಹೆಸರು ತಂದು, ಅದನ್ನು ಹಾರಿಸುವುದಕ್ಕೆ ಇನ್ನೊಂದು ಕಡೆಯಿಂದ ಯಾಕೆ ತರುತ್ತಾರೆ ಹೇಳಿ?

ಗಾಳಿಬೀಡು_ಮಂಜು | ರಾತ್ರಿ 9:41

ಮೇಷ್ಟ್ರೇ, ಹಾಸ್ಪಿಟಲ್ ಆಸ್ಪತ್ರೆ ಆಯ್ತು. ಅಲ್ಲಿ ತ ಎಲ್ಲಿಂದ ಬಂತು? ಬಟಾಟೆ ಪೋರ್ಚುಗೀಸರದ್ದೇ, ಅದರಲ್ಲಿ ಎರಡೆರಡು ಟ ಇದೆ. ನಿಮ್ಮ ನಿಯಮಕ್ಕೆ ಆ ಕಡೆಯಿಂದಲೂ ತೂತು, ಈ ಕಡೆಯಿಂದಲೂ ತೂತು.

ಇಗರ್ಜಿ_ಬೀದಿ_ವಿರಾಜಪೇಟೆ | ರಾತ್ರಿ 9:55

ಕೊಡಗಿಗೆ ಪೋರ್ಚುಗೀಸ್ ಪದ ಬರೋಕೆ ಗೋವೆಯಿಂದ ಮರಾಠಿ, ಮರಾಠಿಯಿಂದ ಕನ್ನಡ ಅಂತ ಅಷ್ಟು ಸುತ್ತು ಬೇಕಾಗಿಲ್ಲ. ನಮ್ಮ ಸಂತ ಅನ್ನಮ್ಮನವರ ಇಗರ್ಜಿ (ಚರ್ಚು) 1792ರದ್ದು. ಟಿಪ್ಪು ಕಾಲದಲ್ಲಿ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಇಲ್ಲಿ ಜಾಗ ಕೊಟ್ಟ. ಕೊಂಕಣಿ ಮನೆಗಳಲ್ಲಿ ಬಾಲ್ದಿ, ಜನೆಲ್, ಚಾವಿ ಇವೆಲ್ಲ ಅವತ್ತಿನಿಂದ ಇದ್ದೇ ಇವೆ. ಪಿಸ್ತೂಲ್ ಇತ್ತೋ ಇಲ್ಲವೋ, ಪದವಂತೂ ಇತ್ತು ಅಂದುಕೊಳ್ಳೋಣ :)

ಹಳೇ_ಮೇಷ್ಟ್ರು_ಮಡಿಕೇರಿ | ರಾತ್ರಿ 10:20

ಮಂಜು ಚೆನ್ನಾಗಿ ಹಿಡಿದಿದ್ದಾರೆ. ಬಟಾಟೆಯ ಟ ಮರಾಠಿಯಲ್ಲೇ ಆಗಿದೆ, ನಾವು ತಯಾರಾದದ್ದನ್ನು ತಂದುಕೊಂಡಿದ್ದೇವೆ. ಆಸ್ಪತ್ರೆಯ ವಿಷಯದಲ್ಲಿ ನನಗೆ ತೋರುವುದು, ಜನ ಅದರೊಳಗೆ ತಮಗೆ ಗೊತ್ತಿದ್ದ "ಪತ್ರೆ"ಯನ್ನು ಕೇಳಿಸಿಕೊಂಡರು. ಸೊಪ್ಪು-ಪತ್ರೆಯಲ್ಲಿ ಮದ್ದು ಮಾಡುತ್ತಿದ್ದ ಕಾಲ.

ನನ್ನ ವಾದಕ್ಕೆ ನಿಜವಾದ ತೊಡಕು ಬೇರೆ ಇದೆ. ಫ್ರೆಂಚರ ತಕಾರವೂ ಹಲ್ಲಿನದೇ, ಅವರೂ ಪಿಸ್ತೋಲ್ ಅನ್ನುತ್ತಿದ್ದವರೇ. ಹೈದರ್, ಟಿಪ್ಪು ಇಬ್ಬರ ದಂಡಿನಲ್ಲೂ ಫ್ರೆಂಚರಿದ್ದರು. ಹಾಗಾಗಿ ಫ್ರೆಂಚ್ ಅನ್ನುವವರನ್ನು ಸುಲಭಕ್ಕೆ ತಳ್ಳಲಾಗದು. ಇಂಗ್ಲಿಷ್ ಅಂದವರಿಗೆ ಮಾತ್ರ ಕುಕ್ಕರ್ ಕೊಡಬೇಡಿ.

ಪೊನ್ನಂಪೇಟೆ_ಪೊಣ್ಣ್ | ರಾತ್ರಿ 10:48

ಆ ಕಾಲೇಜು ಹುಡುಗಿ ನಾನೇ. ನಾನು ಗಾಳಿಯಲ್ಲಿ ಗುಂಡು ಹಾರಿಸಿದ್ದಲ್ಲ.

ಇಟಲಿಯ ಟಸ್ಕನಿಯಲ್ಲಿ, ಫ್ಲಾರೆನ್ಸ್ ಹತ್ತಿರ ಪಿಸ್ತೋಯಾ ಅಂತ ಊರಿದೆ. ಕಬ್ಬಿಣದ ಕೆಲಸಕ್ಕೆ ಹೆಸರಾಗಿದ್ದ ಊರು. ಅಲ್ಲಿ ಮಾಡುತ್ತಿದ್ದ ಚೂರಿಗೆ ಪಿಸ್ತೊಲೇಸೆ ಅಂತಿದ್ದರು. 16ನೇ ಶತಮಾನದ ಫ್ರೆಂಚ್ ವಿದ್ವಾಂಸ ಹೆನ್ರಿ ಎತಿಯೆನ್ ಬರೆದ ಪ್ರಕಾರ ಮೊದಲು ಆ ಊರಿನ ಸಣ್ಣ ಚೂರಿಗೆ ಆ ಹೆಸರಿತ್ತು, ಸಣ್ಣ ಕೋವಿ ಬಂದಾಗ ಜನ ಅದೇ ಹೆಸರನ್ನು ಅದಕ್ಕೂ ಹಚ್ಚಿದರು. ಆಮೇಲೆ ಸ್ಪೇನಿನ ಸಣ್ಣ ನಾಣ್ಯಕ್ಕೂ ಅದೇ ಹೆಸರು ಬಂತಂತೆ. ಪಿಸ್ತೂಲು ಬಳಕೆಗೆ ಬಂದ ಕಾಲದಲ್ಲೇ ಬದುಕಿದ್ದವನ ಮಾತು ಇದು, ಸುಮ್ಮನೆ ತಳ್ಳಿಹಾಕೋಕೆ ಆಗುತ್ತಾ?

ಒಡಿಕತ್ತಿ | ರಾತ್ರಿ 10:55

ಚೂರಿಯಿಂದ ಕೋವಿಗೆ ಹೆಸರು ಬರೋದಾದ್ರೆ ಕೊಡವರ ಪೀಚೆಕತ್ತಿಯಿಂದಲೇ ಪಿಸ್ತೂಲು ಬಂತು ಅಂತ ಬರೆದುಬಿಡಿ. ಎರಡನ್ನೂ ಸಿಕ್ಕಿಸೋದು ಸೊಂಟಕ್ಕೇ. ಕೊಡಗಿನಿಂದ ಯುರೋಪಿಗೆ ರಫ್ತು.

ನಿರ್ವಾಹಕರು | ರಾತ್ರಿ 10:58

ಒಡಿಕತ್ತಿ ಅವರೇ, ನಾಳೆ ಬೆಳಿಗ್ಗೆ ಇದು ವಾಟ್ಸಾಪಿನಲ್ಲಿ ಇತಿಹಾಸವಾಗಿ ನಮಗೇ ವಾಪಸ್ ಬರುತ್ತೆ. ತಮಾಷೆ ಅಂತ ಬರೆದು ಹಾಕಿ ದಯವಿಟ್ಟು.

ಗೋಣಿಕೊಪ್ಪ_ಚೆಕ್‌ಬುಕ್ | ಸೆಪ್ಟೆಂಬರ್ 6, ಬೆಳಿಗ್ಗೆ 6:35

ಹೆಸರು ನೋಡಿ ನಗೋರು ಇನ್ನೊಮ್ಮೆ ನಕ್ಕುಬಿಡಿ, ಆಮೇಲೆ ಓದಿ.

ಚೆಕ್ ಭಾಷೆಯಲ್ಲಿ ಪೀಶ್ಟ್ಯಾಲಾ ಅಂದರೆ ಕೊಳವೆ, ಪೀಪಿ, ಸೀಟಿ. ಇವತ್ತಿಗೂ ಇಗರ್ಜಿಯ ಆರ್ಗನ್ನಿನ ಕೊಳವೆಗೆ ಅದೇ ಹೆಸರು. ನಮ್ಮ ಹಾಕಿ ಹಬ್ಬದಲ್ಲಿ ಅಂಪೈರ್ ಊದುತ್ತಾರಲ್ಲ, ಅಂಥ ಪುಟ್ಟ ಸೀಟಿ ಪೀಶ್ಟ್ಯಾಲ್ಕಾ. ಕೆಲಸದ ಮೇಲೆ ಪ್ರಾಗ್‌ನಲ್ಲಿದ್ದಾಗ ಅಂಗಡಿಯಲ್ಲಿ ಮಕ್ಕಳ ಸೀಟಿಯ ಪೊಟ್ಟಣದ ಮೇಲೆ ಈ ಪದ ನೋಡಿ ತಲೆ ಕೆಟ್ಟಿತ್ತು, ಅದಕ್ಕೇ ನೆನಪಿದೆ.

ಅಲ್ಲಿನ ಯಾನ್ ಹುಸ್ ಎಂಬ ಧರ್ಮಬೋಧಕನನ್ನು 1415ರಲ್ಲಿ ಸುಟ್ಟು ಕೊಂದರು. ಅವನ ಕಡೆಯವರು ದಂಗೆ ಎದ್ದರು. 1419ರಿಂದ ಸುಮಾರು ಹದಿನೈದು ವರ್ಷ ಯುದ್ಧ. ಅವರ ಸೇನಾಪತಿ ಯಾನ್ ಝಿಷ್ಕಾ, ಒಕ್ಕಣ್ಣ, ಕೊನೆಗೆ ಎರಡೂ ಕಣ್ಣು ಹೋಗಿ ಪೂರ್ತಿ ಕುರುಡನಾದರೂ ದಂಡು ನಡೆಸಿದವನು. ಸೈನಿಕರಲ್ಲಿ ಬಹಳ ಜನ ರೈತರು. ಕುದುರೆ ಸವಾರರನ್ನು ಎದುರಿಸೋಕೆ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ಸರಪಣಿಯಲ್ಲಿ ಬಿಗಿದು, ಕೋಟೆ ಮಾಡಿಕೊಂಡು ಒಳಗಿನಿಂದ ಗುಂಡು ಹೊಡೆಯುತ್ತಿದ್ದರು. ಆ ಕೈಕೊಳವೆಗೆ ಇಟ್ಟ ಹೆಸರು ಪೀಶ್ಟ್ಯಾಲಾ. ಅದು ಜರ್ಮನಿಗೆ ಹೋಗಿ ಪಿಸ್ತೋಲೆ, ಫ್ರಾನ್ಸಿಗೆ ಹೋಗಿ ಪಿಸ್ತೋಲ್, ಇಂಗ್ಲೆಂಡಿಗೆ 1570ರ ಸುಮಾರಿಗೆ ಪಿಸ್ಟಲ್, ತೆಂಕಣ ದೇಶಗಳಲ್ಲಿ ಪಿಸ್ತೋಲಾ ಆಯಿತು. ಪದಮೂಲ ಶೋಧಿಸುವವರಲ್ಲಿ ಹೆಚ್ಚಿನವರ ಒಲವು ಈಗ ಈ ಕಡೆಗೇ ಇದೆ.

ಚೆಕ್ ಭಾಷೆಯಿಂದ ಪದ ಬರುತ್ತಾ ಅಂತ ಕೇಳಿದವರಿಗೆ: ಬೊಫೋರ್ಸ್ ಗದ್ದಲದ ಕಾಲದಲ್ಲಿ ದಿನಾ ಪತ್ರಿಕೆಯಲ್ಲಿ ಓದಿದ ಹೊವಿಟ್ಜರ್ ಕೂಡ ಅದೇ ಯುದ್ಧದ ಹೌಫ್‌ನಿತ್ಸೆ. ಹೌಫ್ ಅಂದರೆ ಗುಂಪು, ಗುಂಪಿನ ಮೇಲೆ ಹೊಡೆಯುವ ಫಿರಂಗಿ. ರೋಬೋ ಕೂಡ ಅವರದ್ದೇ ಪದ. ಚೆಕ್ ಬೌನ್ಸ್ ಆಗಲಿಲ್ಲ.

ಒಡಿಕತ್ತಿ | ಬೆಳಿಗ್ಗೆ 7:02

ಕುಕ್ಕರಿಗೂ ಸೀಟಿ ಇದೆ. ಗೋಣಿಕೊಪ್ಪಕ್ಕೇ ಹೋಗಲಿ ಅದು.

ನಿವೃತ್ತ_ಹವಾಲ್ದಾರ್ | ಬೆಳಿಗ್ಗೆ 9:15

ನಾನು ಭಾಷೆ ಓದಿದವನಲ್ಲ, ಆಯುಧ ಕಂಡವನು. ಚೆಕ್‌ಬುಕ್ ಅವರ ಕಥೆಯಲ್ಲಿ ನನಗೊಂದು ಅನುಮಾನ.

ಅವರು ಹೇಳಿದ ಕಾಲದ ಕೈಕೊಳವೆ ಅಂದರೆ ಮರದ ದಂಡದ ತುದಿಗೆ ಕಟ್ಟಿದ ಕಬ್ಬಿಣದ ನಳಿಗೆ. ದಂಡವನ್ನು ಕಂಕುಳಿಗೆ ಒತ್ತಿಕೊಂಡು, ಹೊತ್ತಿಸಿದ ಬತ್ತಿಯನ್ನು ಕಿವಿಗೆ ಮುಟ್ಟಿಸಬೇಕು. ನಳಿಗೆಯ ಹಿಂಭಾಗದಲ್ಲಿ ಕೊರೆದ ಸಣ್ಣ ತೂತಿಗೆ ಕಿವಿ ಅನ್ನೋದು. ಅದು ಒಂದು ಕೈಯಲ್ಲಿ ಆಗುವ ಕೆಲಸವಲ್ಲ. ನಾವು ಪಿಸ್ತೂಲು ಅನ್ನೋದು ಒಂದೇ ಕೈಯಲ್ಲಿ ಹಿಡಿದು ಹೊಡೆಯುವ ಆಯುಧಕ್ಕೆ. ಅದು ಸಾಧ್ಯವಾಗಿದ್ದು 16ನೇ ಶತಮಾನದ ಮೊದಲ ಭಾಗದಲ್ಲಿ, ಚಕ್ರದ ಬೀಗ ಬಂದ ಮೇಲೆ. ಕೀಲಿ ಕೊಟ್ಟಿಟ್ಟ ಹಲ್ಲಿನ ಚಕ್ರ ಗಿರ್ರನೆ ತಿರುಗಿ ಕಲ್ಲಿಗೆ ಉಜ್ಜಿ ಕಿಡಿ ಹಾರಿಸುತ್ತೆ, ಮದ್ದು ಹೊತ್ತುತ್ತೆ. ಉರಿಯುವ ಬತ್ತಿ ಬೇಡ. ತುಂಬಿಟ್ಟು, ಅಂಗಿಯೊಳಗೆ ಬಚ್ಚಿಟ್ಟು, ಬೇಕಾದಾಗ ತೆಗೆಯಬಹುದು. ಕುದುರೆ ಸವಾರ ಒಂದು ಕೈಯಲ್ಲಿ ಲಗಾಮು ಹಿಡಿದೇ ಹೊಡೆಯಬಹುದು. ಅವರ ಯುದ್ಧಕ್ಕೂ ಇದಕ್ಕೂ ಹತ್ತಿರ ಹತ್ತಿರ ನೂರು ವರ್ಷದ ಅಂತರ. ಆ ನೂರು ವರ್ಷ ಪದ ಎಲ್ಲಿ ಕೂತಿತ್ತು? ಚೂರಿಯೂ ಸೊಂಟದ್ದು, ಪಿಸ್ತೂಲೂ ಸೊಂಟದ್ದು. ಪೊನ್ನಂಪೇಟೆ ಮಗಳ ಮಾತಿನಲ್ಲಿ ತೂಕ ಇದೆ.

ಇನ್ನೊಂದು. ಪತ್ರಿಕೆಯವರು ರಿವಾಲ್ವರಿಗೂ ಪಿಸ್ತೂಲು ಅಂತಲೇ ಬರೆಯುತ್ತಾರೆ. ರಿವಾಲ್ವರಿನಲ್ಲಿ ಗುಂಡು ತುಂಬುವ ಉರುಳೆ ತಿರುಗುತ್ತೆ, ಸಾಮಾನ್ಯವಾಗಿ ಆರು ಮನೆ. ಸ್ಯಾಮ್ಯುಯೆಲ್ ಕೋಲ್ಟ್ ಅದಕ್ಕೆ ಅಮೆರಿಕದಲ್ಲಿ 1836ರಲ್ಲಿ ಪೇಟೆಂಟ್ ತಗೊಂಡ. ಈಗಿನ ಪಿಸ್ತೂಲಿನಲ್ಲಿ ಮ್ಯಾಗಜೀನ್ ಹಿಡಿಯೊಳಗೇ ಇರುತ್ತೆ. ನಮ್ಮ ಸೇನೆಯ 9 ಎಂಎಂ, ಇಷಾಪುರದಲ್ಲಿ ತಯಾರಾದದ್ದು, ಬ್ರೌನಿಂಗ್ ಮಾದರಿ, ಹದಿಮೂರು ಗುಂಡು ಹಿಡಿಯುತ್ತೆ. ಇವೆರಡನ್ನೂ ಒಂದೇ ಹೆಸರಲ್ಲಿ ಕರೆದರೆ ನನಗೆ ಅನ್ನ ಸೇರಲ್ಲ.

ಪೊನ್ನಂಪೇಟೆ_ಪೊಣ್ಣ್ | ಬೆಳಿಗ್ಗೆ 9:20

ಥ್ಯಾಂಕ್ಯೂ ಅಂಕಲ್!!

ಗೋಣಿಕೊಪ್ಪ_ಚೆಕ್‌ಬುಕ್ | ಮಧ್ಯಾಹ್ನ 1:10

ಹವಾಲ್ದಾರ್ರೇ, ಆಯುಧದ ಬಗ್ಗೆ ನೀವು ಹೇಳಿದ ಒಂದಕ್ಷರಕ್ಕೂ ನನ್ನ ತಕರಾರಿಲ್ಲ. ಆದರೆ ಪದಗಳು ಆಯುಧದ ಬೆನ್ನಿಗೇ ಅಂಟಿಕೊಂಡು ಬರಲ್ಲ. ಉದ್ದ ಕೊಳವೆಗೆ ಇಟ್ಟ ಹೆಸರು ಕೊಳವೆ ಗಿಡ್ಡ ಆದಾಗಲೂ ಉಳಿಯಬಹುದು. ನಡುವಿನ ಕಾಲದಲ್ಲಿ ಬೊಹೀಮಿಯದ, ಅಂದರೆ ಆ ಚೆಕ್ ಸೀಮೆಯ, ಪಕ್ಕದ ಜರ್ಮನ್ ಮಾತಾಡುವ ಸೀಮೆಯವರು ಈ ಪದ ಬಳಸುತ್ತಿದ್ದರು. ಮುಂದೆ ಚಕ್ರಬೀಗದ ಪಿಸ್ತೂಲನ್ನು ಯುರೋಪಿಗೆಲ್ಲ ಹಬ್ಬಿಸಿದವರೂ ಜರ್ಮನ್ ಕುದುರೆ ಸವಾರರೇ. ಹಾಗಾಗಿ ಪದ ಜರ್ಮನಿಯ ದಾರಿಯಲ್ಲಿ ಬಂತು ಅನ್ನೋದು ಸರಿಹೊಂದುತ್ತೆ.

ಎತಿಯೆನ್ ವಿಷಯ: ಅವನು ದೊಡ್ಡ ಪಂಡಿತ ಹೌದು. ಆದರೆ ಕಾಲಕ್ಕೆ ಹತ್ತಿರ ಇದ್ದವನು ಹೇಳಿದ್ದೆಲ್ಲ ನಿಜ ಆಗಬೇಕಿಲ್ಲ. ನಮ್ಮೂರ ಹೆಸರು ಹೇಗೆ ಬಂತು ಅಂತ ನಮ್ಮೂರಲ್ಲೇ ನಾಲ್ಕು ಕಥೆ ಇದೆ, ನಾಲ್ಕನ್ನೂ ಹೇಳೋರು ಅಲ್ಲೇ ಹುಟ್ಟಿದವರು.

ಅಮ್ಮತ್ತಿ_ರೋಡ್ | ಸಂಜೆ 7:30

ಸಮಿತಿ ಕೂತು ತೀರ್ಮಾನಿಸಿತು. ಕನ್ನಡಕ್ಕೆ ಬಂದದ್ದು ಪೋರ್ಚುಗೀಸ್–ಮರಾಠಿ ದಾರಿಯಲ್ಲಿ. ಹುಟ್ಟಿದ್ದು ಚೆಕ್ಕಿನಲ್ಲಿ ಅನ್ನುವ ಕಡೆ ಹೆಚ್ಚು ಬಲ ಇದೆ, ಇಟಲಿಯ ಪಕ್ಷ ಇನ್ನೂ ಜೀವಂತ. "ಯಾವ ಭಾಷೆಯಿಂದ ಬಂದಿದೆ" ಅನ್ನೋ ಪ್ರಶ್ನೆ ಎರಡು ಅರ್ಥಕ್ಕೆ ಎಡೆ ಕೊಟ್ಟಿತು, ಆದ್ದರಿಂದ ಆ ಪ್ರಶ್ನೆ ರದ್ದು. ಇಬ್ಬರಿಗೂ ಫೋನಿನಲ್ಲೇ ಇನ್ನೊಂದು ಪ್ರಶ್ನೆ ಕೇಳಿದೆವು, ಪೊನ್ನಂಪೇಟೆಗೆ ಕುಕ್ಕರ್ ಹೋಯಿತು. ಚೆಕ್‌ಬುಕ್ ಅಣ್ಣನಿಗೆ ಒಂದು ಗೊನೆ ಬಾಳೆಹಣ್ಣು.

ಚರ್ಚೆ ಮುಂದುವರಿಯಲಿ, ನನಗೂ ಈಗ ರುಚಿ ಹತ್ತಿದೆ.

ತೋಕ್‌ಪೂ_ನಾಪೋಕ್ಲು | ಸಂಜೆ 7:52

ಪಿಸ್ತೂಲಿನ ಜಾತಕ ಇಷ್ಟು ಜಾಲಾಡಿದಿರಿ, ಮನೆಯಲ್ಲಿರೋದನ್ನ ಯಾರೂ ಕೇಳ್ತಿಲ್ಲ. ಕೊಡವ ತಕ್ಕ್‌ನಲ್ಲಿ (ಕೊಡವ ಭಾಷೆಯಲ್ಲಿ) ನಾವು ಕೋವಿ ಅನ್ನಲ್ಲ, ತೋಕ್ ಅಂತೀವಿ. ಕೈಲ್‌ಪೊಳ್ದ್ ದಿನ ಕೋವಿಗೆ ಸಿಕ್ಕಿಸೋ ಹೂವು ತೋಕ್‌ಪೂ. ಕೆಂಪು-ಹಳದಿ, ಬೆಂಕಿ ನಾಲಿಗೆ ಮೇಲಕ್ಕೆ ಚಾಚಿದ ಹಾಗೆ ಎಸಳು. ಹೊರಗಿನವರು ಅಗ್ನಿಶಿಖೆ ಅಂತಾರೆ. (ಗೆಡ್ಡೆ ವಿಷ, ಮಕ್ಕಳ ಕೈಗೆ ಕೊಡಬೇಡಿ.) ಗಂಡುಮಗು ಹುಟ್ಟಿದರೆ ಒಂದು ಈಡು (ಗುಂಡು), ಸಾವಾದರೆ ಎರಡು, ಪುತ್ತರಿ ಸುಗ್ಗಿಹಬ್ಬದಲ್ಲಿ ಕದಿರು ಕೊಯ್ಯುವಾಗ ಮತ್ತೆ ಒಂದು. ಇಷ್ಟೆಲ್ಲ ನಮ್ಮ ಬದುಕಿನೊಳಗೆ ಕೂತಿರೋ ತೋಕ್ ಅನ್ನೋದು ಎಲ್ಲಿಯ ಪದ?

ಮಾಕುಟ್ಟ_ಗಡಿ | ರಾತ್ರಿ 8:15

ಅಕ್ಕ, ನಮ್ಮ ಘಟ್ಟ ಇಳಿದರೆ ಇರಿಟ್ಟಿ. ಅಲ್ಲಿ ಮಲಯಾಳದಲ್ಲಿ ತೋಕ್ಕ್. ಕ ಒತ್ತು ಬಿಟ್ಟರೆ ನಿಮ್ಮದೇ. ತಮಿಳಿನಲ್ಲಿ ತುಪ್ಪಾಕ್ಕಿ, ತೆಲುಗಿನಲ್ಲಿ ತುಪಾಕಿ, ಹಳೇ ಕನ್ನಡ ಬರಹದಲ್ಲಿ ತುಪಾಕಿ, ತುಬಾಕಿ. ತುಪಾಕಿಯ ನಡುವಿನ ಪಾ ಸವೆದು ಎರಡು ತುದಿ ಅಂಟಿಕೊಂಡರೆ ತೋಕ್ ಆಗುತ್ತೆ ಅಂತ ನನ್ನ ಲೆಕ್ಕ.

ಗಾಳಿಬೀಡು_ಮಂಜು | ರಾತ್ರಿ 8:20

ತಮಿಳಿನಲ್ಲಿ ತುಪ್ಪು ಅಂದ್ರೆ ಉಗುಳು. ಗುಂಡು ಉಗುಳೋದು, ಅದಕ್ಕೇ ತುಪ್ಪಾಕ್ಕಿ. ಸಿಂಪಲ್.

ಹಳೇ_ಮೇಷ್ಟ್ರು_ಮಡಿಕೇರಿ | ರಾತ್ರಿ 10:05

ಮಂಜು ಸಿಂಪಲ್ ಅಂದಾಗಲೆಲ್ಲ ನನಗೆ ಎರಡು ಗಂಟೆ ಕೆಲಸ ಬೀಳುತ್ತದೆ.

ತುಪಾಕಿ ತುರ್ಕಿಯ ಪದ. ಅಲ್ಲಿ ತುಫೆಕ್, ಪಾರಸಿಯಲ್ಲಿ ತುಫಂಗ್. ಬಾಬರನ ದಂಡಿನೊಂದಿಗೆ ಉತ್ತರದಲ್ಲಿ, ಸುಲ್ತಾನರ ದಂಡಿನೊಂದಿಗೆ ದಖ್ಖನ್ನಿನಲ್ಲಿ ಓಡಾಡಿದ ಪದ. ಅದರ ಹಿಂದೆ ಹೋದರೆ ಮಜಾ ಇದೆ. 11ನೇ ಶತಮಾನದಲ್ಲಿ ಮಹಮೂದ್ ಕಾಶ್ಗರಿ ಎಂಬ ವಿದ್ವಾಂಸ ತುರ್ಕಿ ಭಾಷೆಗಳ ನಿಘಂಟು ಬರೆದ. ತುರ್ಕರ ಕೈಗೆ ಮದ್ದಿನ ಕೋವಿ ಬರುವುದಕ್ಕೆ ಎಷ್ಟೋ ಮೊದಲು. ಅದರಲ್ಲಿ ಈ ಪದದ ಹಳೇ ರೂಪ ಇದೆ. ಅರ್ಥ: ಗುಬ್ಬಚ್ಚಿ ಹೊಡೆಯಲು ಬಾಯಲ್ಲಿ ಊದುವ, ಮರದ ತೊಗಟೆಯ ಕೊಳವೆ. ಅಂದರೆ ತುಪಾಕಿ ಮೊದಲು ಊದುಗೊಳವೆ. ಫೂ ಅಂತ ಊದುವ, ಥೂ ಅಂತ ಉಗುಳುವ ಸದ್ದು ಎಲ್ಲ ಬಾಯಿಗೂ ಒಂದೇ ಆದ್ದರಿಂದ ತಮಿಳರಿಗೆ ತಮ್ಮ ತುಪ್ಪು ಅದರಲ್ಲಿ ಕೇಳಿಸಿತು. ಮಾಕುಟ್ಟದವರು ಹೇಳಿದ ಪಾ ಸವೆದ ದಾರಿ ನನಗೂ ಒಪ್ಪಿಗೆ.

ಈಗ ಪಕ್ಕದಲ್ಲಿ ಚೆಕ್‌ಬುಕ್ ಅವರ ಪೀಶ್ಟ್ಯಾಲಾ ಇಡಿ. ಅದೂ ಊದುವ ಕೊಳವೆ.

ಇನ್ನು ನಮ್ಮ ಕೋವಿ. ಇದು ಹೊರಗಿನಿಂದ ಬಂದದ್ದಲ್ಲ. ಕೊಳವಿ, ಕೊಳವೆ ಅನ್ನುವುದರಲ್ಲಿ ಳ ಸವೆದು ಕೋವಿ. ಅದೇ ಬೇರಿನಿಂದ ಕೊಳಲು, ತಮಿಳಿನ ಕುೞಲ್, ತೆಲುಗಿನ ಕ್ರೋವಿ, ಗ್ರೋವಿ. ತೆಲುಗಿನವರು ಕೃಷ್ಣನ ಕೊಳಲಿಗೆ ಏನನ್ನುತ್ತಾರೆ? ಪಿಲ್ಲನಗ್ರೋವಿ. ಅವರ ಗ್ರೋವಿ ಕೃಷ್ಣನ ತುಟಿಗೆ ಹೋಯಿತು, ನಮ್ಮ ಕೋವಿ ಐನ್‌ಮನೆಯ (ಕೊಡವ ಮನೆತನದ ಮೂಲಮನೆ) ಗೋಡೆಗೆ ಬಂತು. ಬೊಹೀಮಿಯದ ರೈತ, ತುರ್ಕಿಯ ಬೇಟೆಗಾರ, ಕನ್ನಡದ ಒಕ್ಕಲಿಗ, ಇವರು ಒಬ್ಬರನ್ನೊಬ್ಬರು ಕಂಡವರಲ್ಲ. ಮೂರು ಭಾಷೆಗಳಿಗೂ ನಂಟಿಲ್ಲ. ಹೊಸ ಆಯುಧ ಕೈಗೆ ಬಂದಾಗ ಮೂವರೂ ಅದರೊಳಗೆ ಕಂಡದ್ದು ಒಲೆ ಊದುವ, ಪೀಪಿ ಊದುವ ಕೊಳವೆಯನ್ನೇ. ಕೋವಿ, ತೋಕ್, ಪಿಸ್ತೂಲು ಬೇರೆ ಬೇರೆ ಮನೆಯವು ಅಂದುಕೊಂಡಿದ್ದೆವು. ಮೂರೂ ಕೊಳವೆಯ ಮಕ್ಕಳು.

ತೋಕ್‌ಪೂ_ನಾಪೋಕ್ಲು | ರಾತ್ರಿ 10:20

ಮೇಷ್ಟ್ರೇ, ಇದನ್ನ ಪ್ರಿಂಟ್ ಹಾಕಿ ಇಟ್ಕೊಳ್ತೀನಿ.

ಸುಳ್ಯದ_ಸೊಸೆ | ರಾತ್ರಿ 10:34

ಎಲ್ಲವೂ ಕೊಳವೆ ಅಂತ ತೀರ್ಪು ಕೊಡುವ ಮುಂಚೆ ಘಟ್ಟದ ಕೆಳಗೂ ಒಮ್ಮೆ ಇಣುಕಿ. ನಮ್ಮ ಅರೆಭಾಷೆಯಲ್ಲಿ ಕೋವಿಯೇ. ಆದರೆ ತುಳುವಿನಲ್ಲಿ ಬೆಡಿ. ಬೆಡಿ ಅಂದರೆ ಸಿಡಿಮದ್ದೂ ಹೌದು, ಪುತ್ತೂರು ಜಾತ್ರೆಯ ಬೆಡಿ ನೋಡದವರು ಈ ಕಡೆ ಯಾರೂ ಇಲ್ಲ. ಮಲಯಾಳದಲ್ಲಿ ವೆಡಿ ಅಂದರೆ ಗುಂಡೇಟು. ಕೊಡವರ ತೆಂಗೆಬೊಡಿಯ ಬೊಡಿಯೂ ಅದೇ ಮನೆಯದ್ದು. ಇವಕ್ಕೆಲ್ಲ ಸಿಡಿಯೋದು ಮುಖ್ಯ, ಕೊಳವೆ ಅಲ್ಲ. ತುಳುವರಿಗೆ ಮೊದಲು ಕಿವಿ, ಆಮೇಲೆ ಕಣ್ಣು!

ಕುಶಾಲನಗರ_ಹೊಳೆದಂಡೆ | ರಾತ್ರಿ 10:50

ಕೊಡಗಿನವರಿಗೆ ಲೈಸೆನ್ಸ್ ಬೇಡ ಅಂತಾರಲ್ಲ, ಅದು ಪಿಸ್ತೂಲಿಗೂ

ನಿರ್ವಾಹಕರು | ರಾತ್ರಿ 10:53

ಅರ್ಧ ವಾಕ್ಯದಲ್ಲೇ ಹಿಡಿದೆ. ಇಲ್ಲಿ ಪದದ ಚರ್ಚೆ ಮಾತ್ರ. ಕೋವಿ ಲೈಸೆನ್ಸಿನ ವಿನಾಯಿತಿ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಶುರುವಾದದ್ದು, ಕೊಡವ ಜನಾಂಗದವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೂ ಈಗ 2029ರವರೆಗೆ ಇದೆ, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಅದರ ವಿವರ, ಷರತ್ತು ಎಲ್ಲಕ್ಕೂ ಜಿಲ್ಲಾಧಿಕಾರಿ ಕಚೇರಿ ಇದೆ.

ನಿವೃತ್ತ_ಹವಾಲ್ದಾರ್ | ಸೆಪ್ಟೆಂಬರ್ 7, ಬೆಳಿಗ್ಗೆ 7:20

ಮೇಷ್ಟ್ರು ಕೊಳವೆ ಅಂದಿದ್ದು ಓದಿ ನಮ್ಮಜ್ಜನ ಕೇಪಿನ ಕೋವಿ (ಸಿಡಿಯುವ ಪುಟ್ಟ ಕೇಪಿನಿಂದ ಮದ್ದು ಹೊತ್ತಿಸುವ ಹಳೇ ಕೋವಿ) ನೆನಪಾಯಿತು. ಅದರ ಮುಂದೆ ಈಗಿನ ತೋಟೆ ಕೋವಿ ಏನೂ ಅಲ್ಲ. ಅಜ್ಜ ಕೋವಿಯನ್ನು ನೆಲಕ್ಕೆ ಊರಿ, ಕೊಂಬಿನಿಂದ ಅಂಗೈಗೆ ಮದ್ದು ಸುರಿದು ಕಣ್ಣಳತೆಯಲ್ಲೇ ನೋಡಿ ನಳಿಗೆಗೆ ಹಾಕುತ್ತಿದ್ದರು. ಮೇಲೆ ತೆಂಗಿನ ನಾರು. ಗಜ, ಅಂದರೆ ಉದ್ದ ಸಲಾಕೆ, ಇಳಿಸಿ ಜಡಿಯೋದು. ಗಜ ಠಣ್ ಅಂತ ವಾಪಸ್ ಚಿಮ್ಮಿದರೆ ಸರಿಯಾಗಿ ಕೂತಿದೆ ಅಂತ ಅರ್ಥ. ಆಮೇಲೆ ಚರೆ, ಮತ್ತೆ ನಾರು, ಮತ್ತೆ ಗಜ. ಕೊನೆಗೆ ಕೇಪು ಇಟ್ಟು ಕುದುರೆ ಎಳೆಯೋದು. ಮಳೆಗಾಲದಲ್ಲಿ ಕೇಪು ಒದ್ದೆಯಾದರೆ ಟಪ್ ಅನ್ನುತ್ತಿತ್ತು ಅಷ್ಟೆ, ಹಂದಿ ತಿರುಗಿ ನೋಡಿ ಹೋಗುತ್ತಿತ್ತು.

ಈಗಿನ ಹುಡುಗರು ಹ್ಯಾಮರ್, ಬ್ಯಾರೆಲ್, ಕಾರ್ಟ್ರಿಜ್ ಅಂತಾರೆ. ಕುದುರೆ, ನಳಿಗೆ, ತೋಟೆ ಅನ್ನೋಕೆ ಏನು ಕಷ್ಟ? ತಮಿಳರೂ ಅದಕ್ಕೆ ಕುದಿರೈ ಅಂತಲೇ ಅನ್ನೋದು. ರೆಜಿಮೆಂಟಿನಲ್ಲಿ ನನ್ನ ಜೊತೆಗಾರ ಮಧುರೈನವನು ಹಾಗೇ ಹೇಳುತ್ತಿದ್ದ.

ಗಾಳಿಬೀಡು_ಮಂಜು | ಬೆಳಿಗ್ಗೆ 8:05

ಬಂದೂಕು ಬಿಟ್ಟುಹೋಯ್ತು, ರಾತ್ರಿ ಕೂತು ಹುಡುಕಿದೆ. ಅರಬ್ಬಿಯ ಬುಂದುಕ್, ಅಂದ್ರೆ ಹೇಝೆಲ್ ಕಾಯಿ. ಗ್ರೀಕರು ಅದನ್ನ ಪೊಂಟಸ್ ಸೀಮೆಯ ಕಾಯಿ ಅಂತಿದ್ರು, ಆ ಪೊಂಟಸ್ಸೇ ಅರಬ್ಬರ ಬಾಯಲ್ಲಿ ಬುಂದುಕ್. ಕಾಯಿ ಗಾತ್ರದ ಗೋಲಿ ಹೊಡೆಯೋ ಬಿಲ್ಲು ಇತ್ತು, ಗೋಲಿಗೆ ಕಾಯಿಯ ಹೆಸರು, ಆಮೇಲೆ ಗೋಲಿ ಹಾರಿಸೋ ಕೋವಿಗೂ ಅದೇ. ವೆನಿಸ್‌ಗೆ ಅರಬ್ಬಿಯಲ್ಲಿ ಬುಂದುಕಿಯ್ಯಾ ಅಂತಾರೆ, ಅದರಿಂದ ಬಂತು ಅನ್ನೋರೂ ಇದ್ದಾರೆ. ಇಲ್ಲೂ ಊರಿನ ಕಥೆ ಒಂದು ಇದ್ದೇ ಇರುತ್ತೆ, ಪೊನ್ನಂಪೇಟೆಯವರು ಬೇಜಾರು ಮಾಡ್ಕೋಬೇಡಿ.

ಇಂಗ್ಲಿಷಿನ ಗನ್ ಇನ್ನೂ ಚೆಂದ. 1330ರ ಸುಮಾರಿನ ವಿಂಡ್ಸರ್ ಕೋಟೆಯ ಆಯುಧಪಟ್ಟಿಯಲ್ಲಿ ಕಲ್ಲೋ ಬಾಣವೋ ಎಸೆಯೋ ಒಂದು ದೊಡ್ಡ ಯಂತ್ರಕ್ಕೆ "ಗುನಿಲ್ಡಾ ಅಮ್ಮನವರು" ಅಂತ ಹೆಸರಿದೆ. ಗನ್ ಅದರ ಮುದ್ದಿನ ಹೆಸರಂತೆ.

ಇಗರ್ಜಿ_ಬೀದಿ_ವಿರಾಜಪೇಟೆ | ಬೆಳಿಗ್ಗೆ 8:30

ಮಂಜು ಮೊನ್ನೆ "ಇಷ್ಟಕ್ಕೆಲ್ಲ ಇಟಲಿಗೆ ಯಾಕೆ" ಅಂದವನು ಇವತ್ತು ಗ್ರೀಸಿಗೆ ಹೋಗಿ ಬಂದ.

ಅಮ್ಮತ್ತಿ_ರೋಡ್ | ಬೆಳಿಗ್ಗೆ 9:00

ಹಾಗಾದರೆ ಪಿಸ್ತೂಲಿಗೆ ಕನ್ನಡದಲ್ಲಿ ಕೈಕೋವಿ ಅನ್ನಬಹುದಾ? ತಮಿಳರು ಕೈತ್ತುಪ್ಪಾಕ್ಕಿ ಅಂತಾರಂತೆ.

ಹಳೇ_ಮೇಷ್ಟ್ರು_ಮಡಿಕೇರಿ | ಬೆಳಿಗ್ಗೆ 9:40

ಅನ್ನಬಹುದು, ಅರ್ಥವೂ ಆಗುತ್ತದೆ. ಆದರೆ ಪಿಸ್ತೂಲು ಈಗ ನಮ್ಮದೇ. ಉ ಹಚ್ಚಿಕೊಂಡಿದೆ, ಪಿಸ್ತೂಲಿನಿಂದ, ಪಿಸ್ತೂಲಿಗೆ ಅಂತ ವಿಭಕ್ತಿ ಹಿಡಿದಿದೆ, ಪೊಲೀಸರ ಬಾಯಲ್ಲಿ ನಾಡಪಿಸ್ತೂಲು ಅಂತ ನಾಡಿನದ್ದೂ ಆಗಿದೆ. ಅದನ್ನು ಓಡಿಸಲು ನನಗೆ ಮನಸ್ಸಿಲ್ಲ. ಮೇಸ್ತ್ರಿಯನ್ನೂ ಇಸ್ತ್ರಿಯನ್ನೂ ಇಟ್ಟುಕೊಂಡು ಇದೊಂದನ್ನು ಯಾಕೆ ಹೊರಗೆ ಹಾಕಬೇಕು?

ನಿವೃತ್ತ_ಹವಾಲ್ದಾರ್ | ಬೆಳಿಗ್ಗೆ 9:52

ಕೈಕೋವಿ ಬೇಕಾದರೆ ಇಟ್ಟುಕೊಳ್ಳಿ, ಬೇಡವಾದರೆ ಬಿಡಿ. ರಿವಾಲ್ವರಿಗೆ ಮಾತ್ರ ಬೇರೆ ಹೆಸರು ಕೊಡಲೇಬೇಕು. ತಿರುಗುಕೋವಿ ಅನ್ನಿ, ಉರುಳೆಕೋವಿ ಅನ್ನಿ.

ಒಡಿಕತ್ತಿ | ಬೆಳಿಗ್ಗೆ 9:55

ತಿರುಗುಕೋವಿ ಅಂದರೆ ಹೊಡೆದವನ ಕಡೆಗೇ ತಿರುಗುತ್ತೆ ಅಂದ್ಕೊಳ್ತಾರೆ ಹವಾಲ್ದಾರ್ರೇ. ಉರುಳೆನೇ ಇರಲಿ.